ಸೋಮವಾರದ ನೀಲಿ

ಜೂನ್ 26, ಗುರುವಾರ. ಉಳಿದ ದಿನ 172

ಲ್ಯಾಬಿನಲ್ಲಿ ನನ್ನ ಪ್ರಯೋಗದ ಗಾಜಿನ ಪಾತ್ರೆ ಒಡೆಯಿತು. ಈ ವರ್ಷ ಇದು ಮೂರನೆಯದು. ಬೇರೆ ಯಾರನ್ನೂ ಬೈಯುವ ಹಾಗಿಲ್ಲ, ಒಡೆದವಳು ನಾನೇ. ತೊಳೆದು ಸ್ಟ್ಯಾಂಡಿಗೆ ಸಿಕ್ಕಿಸುವಾಗ ಕೈ ಜಾರಿತು. ಶಿವಮೊಗ್ಗದಿಂದ ಇನ್ನೊಂದು ತರಿಸಲು ಎಂಟು ಹತ್ತು ದಿನ ಬೇಕು.

ಡಿಸೆಂಬರ್ ಹದಿನೈದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನನ್ನ ಪಿಎಚ್‌ಡಿ ನೋಂದಣಿ ರದ್ದಾಗುತ್ತದೆ. ಎಂಟು ವರ್ಷದಲ್ಲಿ ಎರಡು ಸಲ ಅವಧಿ ವಿಸ್ತರಿಸಿಕೊಂಡಿದ್ದೇನೆ, ಮೂರನೆಯ ಸಲ ಕೊಡುವುದಿಲ್ಲ. ಪಿಎಚ್‌ಡಿ ಇಲ್ಲದ ಉಪನ್ಯಾಸಕರನ್ನು ಮುಂದಿನ ವರ್ಷದಿಂದ ಇಟ್ಟುಕೊಳ್ಳುವುದಿಲ್ಲವೆಂದು ನಮ್ಮ ಕಾಲೇಜಿನ ಆಡಳಿತ ಮಂಡಳಿ ನೋಟಿಸು ಹಾಕಿದೆ. ಶಿಕಾರಿಪುರದ ಮನೆಯಿಂದ ಸೊರಬದ ಈ ಕಾಲೇಜಿಗೆ ದಿನಕ್ಕೆ ನಾಲ್ಕು ಬಸ್ಸು ಹತ್ತಿ ಇಳಿದು ಹದಿನಾಲ್ಕು ವರ್ಷ ರಸಾಯನಶಾಸ್ತ್ರ ಕಲಿಸಿದೆ. ಅದಕ್ಕೆ ಸಿಕ್ಕಿದ್ದು ಬೋರ್ಡಿಗೆ ಅಂಟಿಸಿದ ಆ ಹಾಳೆ.

ಅಳು ಬಂದುಬಿಟ್ಟಿತು. ಅಷ್ಟರಲ್ಲಿ ಗುಡಿಸುವ ಹೆಂಗಸು ತಾಯಮ್ಮ ಪೊರಕೆ ಹಿಡಿದು ಒಳಗೆ ಬಂದಳು. ಗಾಜು ನೋಡಿದಳು, ನನ್ನ ಮುಖ ನೋಡಿದಳು.

“ಏನ್ ಮಾಡ್ತೀರಿ ಮೇಡಂ ಇದ್ರಲ್ಲಿ, ವರ್ಷಗಟ್ಲೆಯಿಂದ?”

ಹೇಳಿದೆ. ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸಾರಜನಕವಿದೆ. ಅದನ್ನು ಅಮೋನಿಯ ಮಾಡಿದರೆ ಗೊಬ್ಬರಕ್ಕೆ ಬರುತ್ತದೆ. ಕಾರ್ಖಾನೆಯಲ್ಲಿ ಅದಕ್ಕೆ ಕುಲುಮೆಯ ಕಾವು ಬೇಕು, ಭಾರಿ ಒತ್ತಡ ಬೇಕು. ನಾನು ಬರೀ ಬೆಳಕು ಮತ್ತು ಒಂದು ಪುಡಿಯಿಂದ ಮಾಡಲು ನೋಡುತ್ತಿದ್ದೇನೆ.

“ಬೆಳಕಿಂದ ಗೊಬ್ಬರಾನಾ?” ಎಂದಳು. ಸ್ವಲ್ಪ ಹೊತ್ತು ಗುಡಿಸಿದಳು. “ಕೆಲ್ಸ ದೊಡ್ಡದೈತೆ ರೀ. ಅದಕ್ಕೇ ನಿಮಗೆ ಯಾರದೋ ಕಣ್ಣು ಬಿದ್ದೈತೆ.”

“ಮೊದಲು ಗಾಜು ತೆಗಿ, ಯಾರ ಕಾಲಿಗಾದರೂ ಚುಚ್ಚೀತು” ಎಂದೆ.

ಜುಲೈ 7, ಸೋಮವಾರ. ಉಳಿದ ದಿನ 161

ಹೊಸ ಪಾತ್ರೆ ಬಂದಿದೆ. ಸೋಮವಾರ ಮತ್ತು ಗುರುವಾರ ಮಧ್ಯಾಹ್ನ ನನಗೆ ತರಗತಿ ಇಲ್ಲ, ಪ್ರಯೋಗಕ್ಕೆ ಸಿಗುವುದು ಅವೆರಡೇ. ಇವತ್ತು ಕೂರಿಸಿದೆ. ಪಾತ್ರೆಯಲ್ಲಿ ಶುದ್ಧ ನೀರು, ಅದರಲ್ಲಿ ಕಬ್ಬಿಣ ಸೇರಿಸಿದ ನನ್ನ ಪುಡಿ, ಎದುರಿಗೆ ದೊಡ್ಡ ದೀಪ, ಗಾಳಿ ಊದಲು ಮೀನಿನ ತೊಟ್ಟಿಯ ಪಂಪು. ಇದನ್ನು ಶುದ್ಧ ಸಾರಜನಕದ ಸಿಲಿಂಡರ್ ಇಟ್ಟು ಮಾಡಬೇಕು. ಸಿಲಿಂಡರ್ ಕೇಳಿ ಬರೆದ ಪತ್ರ ಆಡಳಿತ ಮಂಡಳಿಯಲ್ಲಿ ಎರಡು ವರ್ಷದಿಂದ ಮಲಗಿದೆ. ಕೋಣೆಯ ಗಾಳಿಯಲ್ಲೂ ಸಾರಜನಕವೇ ಇದೆಯಲ್ಲ ಎಂದು ಪಂಪು ತಂದೆ.

ನಾಲ್ಕು ಗಂಟೆಗೆ ಸ್ವಲ್ಪ ನೀರು ತೆಗೆದು ಸೋಸಿ ಪರೀಕ್ಷೆಯ ದ್ರಾವಣ ಹಾಕಿದೆ. ಅಮೋನಿಯ ಇದ್ದರೆ ಅರ್ಧ ಗಂಟೆಯಲ್ಲಿ ನೀಲಿ ಬರಬೇಕು. ಎಂಟು ವರ್ಷದಿಂದ ನನಗೆ ಬಂದದ್ದು ಬರೀ ನೀರಿನ ಬಣ್ಣ.

ನೀಲಿ ಬಂತು.

ತೊಳೆದು ತೊಳೆದು ಬಣ್ಣ ಬಿಟ್ಟ ಯೂನಿಫಾರ್ಮಿನಂಥ ನೀಲಿ. ಕುಣಿಯಬೇಕಿತ್ತು. ಬಸ್ಸಿಗೆ ಹೊತ್ತಾಗಿತ್ತು, ಅಳತೆ ಬರೆದುಕೊಂಡು ಟ್ಯೂಬು ತೊಳೆದಿಟ್ಟು ಓಡಿದೆ. ಶಿರಾಳಕೊಪ್ಪದವರೆಗೆ ನಿಂತೇ ಬಂದೆ.

ಜುಲೈ 10, ಗುರುವಾರ. ಉಳಿದ ದಿನ 158

ಕತ್ತಲ ಪರೀಕ್ಷೆ. ಅದೇ ಪಾತ್ರೆ, ಅದೇ ಪುಡಿ, ಅದೇ ಪಂಪು. ದೀಪ ಮಾತ್ರ ಇಲ್ಲ, ಮೇಲೆ ಕಪ್ಪು ಬಟ್ಟೆ. ಬೆಳಕಿನಿಂದಲೇ ಅಮೋನಿಯ ಆಗುತ್ತಿದ್ದರೆ ಇಲ್ಲಿ ನೀಲಿ ಬರಬಾರದು.

ಬರಲಿಲ್ಲ. ನೀರು ನೀರಾಗಿಯೇ ಇತ್ತು. ನನ್ನ ಜೀವನದಲ್ಲಿ ಏನೂ ಬಾರದ್ದಕ್ಕೆ ಖುಷಿಪಟ್ಟದ್ದು ಇದೇ ಮೊದಲು.

ಆಗಸ್ಟ್ 11, ಸೋಮವಾರ. ಉಳಿದ ದಿನ 126

ಆರು ಸೋಮವಾರ ದೀಪ ಹಚ್ಚಿ ಮಾಡಿದ್ದೇನೆ, ಆರೂ ನೀಲಿ. ಐದು ಗುರುವಾರ ಕತ್ತಲಲ್ಲಿ ಮಾಡಿದ್ದೇನೆ, ಐದೂ ಬರೀ ನೀರಿನ ಬಣ್ಣ. ಕಮಲಾಕರ ಸರ್‌ಗೆ ಫೋನ್ ಮಾಡಿ ಹೇಳಿದೆ. ಅವರು ನನ್ನ ಮಾರ್ಗದರ್ಶಕರು, ಮುಂದಿನ ಮಾರ್ಚಿಗೆ ನಿವೃತ್ತರಾಗುತ್ತಾರೆ. “ದೀಪಶ್ರೀ, ಇನ್ನು ಹೊಸ ಪ್ರಯೋಗ ಬೇಡ. ಬರೆಯಲು ಕೂತುಕೊಳ್ಳಿ” ಎಂದರು. ಅವರ ದನಿಯಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಭಾರ ಇಳಿಸಿದ ನೆಮ್ಮದಿ ಇತ್ತು. ಎಂಟು ವರ್ಷ ನನ್ನನ್ನು ಹೊತ್ತು ಅವರಿಗೂ ಸಾಕಾಗಿರಬೇಕು.

ಬೆಳಿಗ್ಗೆ ಬಸ್ಸು ಬದಲಾಯಿಸುವಾಗ ಶಿರಾಳಕೊಪ್ಪದಲ್ಲಿ ನಮ್ಮವರ ಅಂಗಡಿಯಲ್ಲಿ ಅರ್ಧ ಗಂಟೆ ಕೂರುವುದು ನನ್ನ ರೂಢಿ. ಗೊಬ್ಬರ, ಬೀಜದ ಅಂಗಡಿ. ಸೋಮವಾರ ಲಾರಿ ಬರುವ ದಿನ, ಆ ಧೂಳಿನಲ್ಲೇ ಇಬ್ಬರೂ ಚಹಾ ಕುಡಿಯುತ್ತೇವೆ. ಇವತ್ತು ವಾಪಸು ಬರುವಾಗಲೂ ಹೋಗಿ ಸುದ್ದಿ ಹೇಳಿದೆ.

“ಹಂಗಾದ್ರೆ ನಾನು ಅಂಗಡಿ ಬಾಗಿಲು ಹಾಕಬೇಕು ಅನ್ನು” ಎಂದರು ಮಲ್ಲಿಕಾರ್ಜುನ್. “ಹೆಂಡತಿ ಗಾಳಿಯಾಗೆ ಯೂರಿಯಾ ಮಾಡಿದ್ರೆ ನನ್ನ ಮೂಟೆ ಯಾರು ತಗೋತಾರೆ?”

“ಒಂದು ಚಮಚ ಆಗಲು ನೂರು ವರ್ಷ ಬೇಕು” ಎಂದೆ.

“ಅಷ್ಟರಮಟ್ಟಿಗೆ ಧೈರ್ಯ ಬಂತು” ಎಂದರು.

ಸೆಪ್ಟೆಂಬರ್ 15, ಸೋಮವಾರ. ಉಳಿದ ದಿನ 91

ಬರೆದೆ. ನೀಲಿ ಬಂತು. ಬೆನ್ನು ನೋವು.

ಅಕ್ಟೋಬರ್ 27, ಸೋಮವಾರ. ಉಳಿದ ದಿನ 49

ಪ್ರಬಂಧಕ್ಕೆ ಕೊನೆಯ ರೀಡಿಂಗ್ ಒಂದು ಬೇಕಿತ್ತು. ಒಂದು ಗಂಟೆಗೆ ದೀಪ ಹಚ್ಚಿ, ಪಂಪು ಹಾಕಿ, ಇಂಟರ್ನಲ್ಸ್ ಪರೀಕ್ಷೆಯ ಡ್ಯೂಟಿಗೆ ಹೋದೆ. ನಾಲ್ಕಕ್ಕೆ ಬಂದು ನೋಡಿದರೆ ದೀಪ ಆರಿತ್ತು. ಪಂಪು ಗುಳುಗುಳು ಎನ್ನುತ್ತಿತ್ತು. ಮುಟ್ಟಿದೆ, ದೀಪ ತಣ್ಣಗಿತ್ತು.

ಕಾರಿಡಾರು ಒರೆಸುತ್ತಿದ್ದ ತಾಯಮ್ಮನನ್ನು ಕೇಳಿದೆ. “ನೀವು ಅತ್ಲಾಗೆ ಹೋದಿರಿ, ಇತ್ಲಾಗೆ ಟಪ್ ಅಂತು ರೀ. ಬಂದು ನೋಡಿದೆ, ಮುಟ್ಟಬ್ಯಾಡ ಅಂದಿದ್ರಲ್ಲ, ಸುಮ್ನಾದೆ.”

ಮೂರು ಗಂಟೆ ಕತ್ತಲಲ್ಲಿ ಇದ್ದ ನೀರು ಅದು. ಚೆಲ್ಲಿಬಿಡುತ್ತಿದ್ದೆ. ಅದೇಕೋ, ಪರೀಕ್ಷೆಯ ದ್ರಾವಣ ಹಾಕಿದೆ.

ನೀಲಿ ಬಂತು. ಎಲ್ಲ ಸೋಮವಾರಗಳ ನೀಲಿ.

ತಾಯಮ್ಮ ಸುಳ್ಳು ಹೇಳಿರಬಹುದು. ಐದು ನಿಮಿಷವೋ ಎರಡೂವರೆ ಗಂಟೆಯೋ, ಅವಳ ಹತ್ತಿರ ಗಡಿಯಾರ ಎಲ್ಲಿದೆ?

ಅಕ್ಟೋಬರ್ 28, ಮಂಗಳವಾರ. ಉಳಿದ ದಿನ 48

ಸರ್‌ಗೆ ಹೇಳಿದೆ. “ಹದಿನೈದು ರೀಡಿಂಗ್ ಸರಿ ಇದ್ದು ಒಂದು ಕೆಟ್ಟರೆ ಒಂದನ್ನು ಬಿಡುತ್ತೇವಮ್ಮ. ಎಲ್ಲರೂ ಬಿಡುತ್ತಾರೆ. ದೀಪ ಯಾವಾಗ ಆರಿತೆಂದು ನೋಡಿದವರು ಯಾರು?” ಎಂದರು.

ನೋಡಿದವಳು ತಾಯಮ್ಮ. ಆದರೆ ಗುಡಿಸುವವಳ ಮಾತನ್ನು ಪ್ರಬಂಧದಲ್ಲಿ ಬರೆಯಲು ಬರುತ್ತದೆಯೇ?

ಬಿಟ್ಟೆ. ರೆಕಾರ್ಡ್ ಪುಸ್ತಕದಲ್ಲಿ ಆ ತಾರೀಖಿನ ಪುಟವನ್ನು ಖಾಲಿ ಇಟ್ಟಿದ್ದೇನೆ.

ನವೆಂಬರ್ 3, ಸೋಮವಾರ. ಉಳಿದ ದಿನ 42

ಮೂರು ದಿನದಿಂದ ಒಂದೇ ಯೋಚನೆ. ನಾನು ಸೋಮವಾರ ಕತ್ತಲಲ್ಲಿ ಮಾಡಿ ನೋಡೇ ಇರಲಿಲ್ಲ. ಗುರುವಾರ ದೀಪ ಹಚ್ಚಿ ನೋಡೇ ಇರಲಿಲ್ಲ. ವಾರ ಹಾಗೆ ಹಂಚಿಕೊಂಡಿದ್ದೆ, ಹಾಗೇ ನಡೆಸಿದೆ. ಬಿಎಸ್ಸಿ ಹುಡುಗಿ ಹೀಗೆ ಮಾಡಿದ್ದರೆ ಎಬ್ಬಿಸಿ ನಿಲ್ಲಿಸಿ ಬೈಯುತ್ತಿದ್ದೆ.

ಬೆಳಕಲ್ಲ, ಸೋಮವಾರವೇ ನೀಲಿ ತರುತ್ತಿದ್ದರೆ? ಸೋಮವಾರ ನನ್ನ ಮೈಮೇಲೆ ಇರುವುದು ಲಾರಿಯಿಂದ ಇಳಿದ ಗೊಬ್ಬರದ ಧೂಳು. ಒಂದು ಚಿಟಿಕೆಯ ನೂರನೇ ಪಾಲು ಸಾಕು ನನ್ನ ನೀರು ನೀಲಿಯಾಗಲು.

ಇವತ್ತು ಅಂಗಡಿಗೆ ಹೋಗಲಿಲ್ಲ, ಬಸ್‌ಸ್ಟ್ಯಾಂಡಿನಲ್ಲೇ ನಿಂತೆ. ಅವರು ಫೋನ್ ಮಾಡಿದರು. “ಚಹಾ ಆರಿ ಹೋತು. ಎಲ್ಲಿದ್ದೀ?”

“ನಿಮ್ಮ ಅಂಗಡಿ ಧೂಳು ನನ್ನ ಪ್ರಯೋಗ ಕೆಡಿಸುತ್ತಿದೆ” ಎಂದೆ. ಬೇಕಾದ್ದಕ್ಕಿಂತ ಬಿರುಸಾಗಿ.

“ಇಪ್ಪತ್ತು ವರ್ಷದಿಂದ ಅದೇ ಧೂಳಿನ ಅನ್ನ ಉಂಡೀವಿ” ಎಂದರು. ಸಿಟ್ಟಿನಿಂದಲ್ಲ, ಆದರೆ ಫೋನ್ ಬೇಗ ಇಟ್ಟರು.

ಕಾಲೇಜಿನಲ್ಲಿ ಸೀರೆ ಬದಲಾಯಿಸಿದೆ, ಮೊಳಕೈವರೆಗೆ ತೊಳೆದೆ. ದೀಪ ಹಚ್ಚದೆ, ಬಟ್ಟೆ ಮುಚ್ಚಿ ಮಾಡಿದೆ. ನೀಲಿ ಬಂತು. ಅಂಗಡಿಯದಲ್ಲ ಹಾಗಾದರೆ. ಸುಮ್ಮನೆ ಅವರ ಮನಸ್ಸು ನೋಯಿಸಿದೆ.

ನವೆಂಬರ್ 10, ಸೋಮವಾರ. ಉಳಿದ ದಿನ 35

ಸೋಮವಾರ ಲ್ಯಾಬಿನಲ್ಲಿ ಏನು ನಡೆಯುತ್ತದೆಂದು ನೋಡಲು ಮೊದಲ ಬಸ್ಸಿಗೆ ಹೋದೆ. ಎಂಟಕ್ಕೆ ಕಾಲೇಜು. ಲ್ಯಾಬಿನ ಬಾಗಿಲು ತೆರೆದಿತ್ತು.

ಒಳಗೆ ತಾಯಮ್ಮ. ಕೈಯಲ್ಲಿ ಹಳೆಯ ಜ್ಯೂಸ್ ಬಾಟಲಿ, ಇನ್ನೊಂದು ಕೈಯಲ್ಲಿ ಮಾವಿನ ಸೊಪ್ಪು. ಸೊಪ್ಪು ಅದ್ದಿ ಹೊಸ್ತಿಲಿಗೆ ಚಿಮುಕಿಸಿದಳು, ಕಿಟಕಿಗೆ, ಮೇಜಿಗೆ, ದೀಪಕ್ಕೆ, ಪಂಪಿಗೆ. ಪಂಪಿಗೆ ಎರಡು ಸಲ. ಆಮೇಲೆ ಬಾಟಲಿ ಕೆಳಗಿಟ್ಟು ನನ್ನ ಗಾಜಿನ ಪಾತ್ರೆಗೆ ಕೈ ಮುಗಿದಳು.

“ಶಿವನೇ, ನಮ್ ಮೇಡಂ ಕೆಲ್ಸ ಒಂದು ಆಗ್ಲಪ್ಪ.”

ನಾನು ಹಿಂದೆ ಸರಿದು ಮೆಟ್ಟಿಲಿಳಿದೆ. ಅವಳು ಹೋದ ಮೇಲೆ ಒಳಗೆ ಹೋದೆ. ಬಾಗಿಲ ಹಿಂದೆ ಬಾಟಲಿ ಇತ್ತು. ಗಂಜಲ. ಲ್ಯಾಬಿನ ಫೀನಾಲಿನ ಘಾಟಿನ ಜೊತೆ ಇಪ್ಪತ್ತು ವರ್ಷ ಕಳೆದ ನನ್ನ ಮೂಗಿಗೆ ಆ ವಾಸನೆ ಒಂದು ದಿನವೂ ಬೇರೆಯಾಗಿ ಗೊತ್ತಾಗಲಿಲ್ಲ. ಪಂಪು ಕೋಣೆಯ ಗಾಳಿ ಎಳೆದು ನೀರಿಗೆ ಊದುತ್ತದೆ. ಗಂಜಲದ ಅಮೋನಿಯ ಅದರ ಜೊತೆ ಹೋಗುತ್ತದೆ. ಗುರುವಾರದ ಹೊತ್ತಿಗೆ ಎಲ್ಲ ಆರಿ, ಗಾಳಿಗೆ ಹೋಗಿ ಮುಗಿದಿರುತ್ತದೆ.

ಗಾಜು ಒಡೆದ ದಿನ ನನಗೆ ಕಣ್ಣು ಬಿದ್ದಿದೆ ಎಂದಿದ್ದಳಲ್ಲ. ಆಮೇಲಿನ ಪ್ರತಿ ಸೋಮವಾರ ಆ ದೃಷ್ಟಿ ತೆಗೆಯುತ್ತ ಬಂದಿದ್ದಾಳೆ.

ಕಾಮಾಲೆಯವರಿಗೆ ಕಂಡದ್ದೆಲ್ಲ ಹಳದಿಯಂತೆ. ನನಗೆ ದನದ ಗಂಜಲ ನೀಲಿಯಾಗಿ ಕಂಡಿತು, ಅದರ ಮೇಲೆ ನೂರಾ ಎಂಬತ್ತು ಪುಟ ಬರೆದೆ.

ಅವಳ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಎದುರಿಗೆ ಹೋಗಲು ಹೆದರಿಕೆಯಾಯಿತು. ಮಧ್ಯಾಹ್ನ ಪೇಟೆಗೆ ಹೋಗಿ ಬೀಗ ತಂದು ಲ್ಯಾಬಿಗೆ ಹಾಕಿದೆ. ಕೀಲಿಕೈ ನನ್ನ ಬ್ಯಾಗಿನಲ್ಲಿದೆ.

ನವೆಂಬರ್ 17, ಸೋಮವಾರ. ಉಳಿದ ದಿನ 28

ದೀಪ ಹಚ್ಚಿ ಮಾಡಿದೆ. ಬರೀ ನೀರಿನ ಬಣ್ಣ.

ನವೆಂಬರ್ 26, ಬುಧವಾರ. ಉಳಿದ ದಿನ 19

ಪ್ರಬಂಧ ಬೈಂಡಿಂಗಿಗೆ ಹೋಗಿದೆ. ನೀಲಿಯ ಅಧ್ಯಾಯ ಇದ್ದ ಹಾಗೇ ಇದೆ. ಸರ್‌ಗೆ ಗಂಜಲದ ವಿಷಯ ಹೇಳಿಲ್ಲ. ಹೇಳಿದರೆ ಅಧ್ಯಾಯ ಹೋಗುತ್ತದೆ, ಅಧ್ಯಾಯ ಹೋದರೆ ಪ್ರಬಂಧವೇ ಇಲ್ಲ. ಈ ನೀಲಿಯಿಂದ ಯಾರಿಗೂ ಕೇಡಿಲ್ಲ. ಯಾರೂ ಓದುವುದೂ ಇಲ್ಲ. ಹೀಗೆಲ್ಲ ಬಸ್ಸಿನಲ್ಲಿ ಹೇಳಿಕೊಳ್ಳುತ್ತಾ ಬರುತ್ತೇನೆ. ನಿದ್ದೆ ಮಾಡಿ ಒಂದು ವಾರವಾಯಿತು.

ಇವತ್ತು ಸ್ಟಾಫ್ ರೂಮಿನಲ್ಲಿ ಇಂಗ್ಲಿಷಿನ ಮೀನಾ ಕೇಳಿದಳು, “ತಾಯಮ್ಮ ಏನು ಎತ್ತಿಕೊಂಡು ಹೋದ್ಲಂತೆ? ನೀವು ಲ್ಯಾಬಿಗೆ ಬೀಗ ಹಾಕಿದ್ದೀರಂತಲ್ಲ.” ಏನಿಲ್ಲ ಎಂದೆ. ನನ್ನ ದನಿಯೇ ಅದನ್ನು ನಂಬುವ ಹಾಗಿರಲಿಲ್ಲ.

ಸಂಜೆ ಗೇಟಿನ ಹತ್ತಿರ ತಾಯಮ್ಮ ನಿಂತಿದ್ದಳು. ನನಗಾಗಿಯೇ ಕಾದಿದ್ದಳು, ಕುಪ್ಪಗಡ್ಡೆಗೆ ಹೋಗುವ ಅವಳ ಬಸ್ಸು ಅಷ್ಟು ಹೊತ್ತಿಗೆ ಹೋಗಿರುತ್ತದೆ.

“ನಾನೇನು ಕದ್ದೆ ಮೇಡಂ?”

“ಹಾಗೇನಿಲ್ಲ. ಲ್ಯಾಬಿನಲ್ಲಿ ವಿಷದ ಬಾಟಲಿಗಳಿವೆ, ಅದಕ್ಕೆ.”

“ಒಂಬತ್ತು ವರ್ಷದಿಂದ ಅವು ಅಲ್ಲೇ ಇದ್ವು” ಎಂದಳು.

ನಾಚಿಕೆಯಾಗುತ್ತಿದೆ. ಬರೆದರೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ಡಿಸೆಂಬರ್ 4, ಗುರುವಾರ

ಪ್ರಿನ್ಸಿಪಾಲ್ ಪರಶುರಾಮ ಸರ್ ಕರೆಸಿದರು. ಜನವರಿಯಿಂದ ಗುತ್ತಿಗೆ ಕೆಲಸದವರ ಹೊಸ ಪಟ್ಟಿ ಮಾಡುತ್ತಿದ್ದಾರೆ. “ತಾಯಮ್ಮನ ಹೆಸರು ಬಿಡೋಣ ಅಂತ ಕಮಿಟಿಯವರು ಹೇಳ್ತಿದ್ದಾರೆ. ಲ್ಯಾಬಿನ ವಿಷಯ ಏನೋ ಇದೆಯಂತಲ್ಲ ಮೇಡಂ. ನೀವೊಂದು ಬರೆದುಕೊಟ್ಟರೆ ನಮಗೂ ಸುಲಭ.”

ಏನೂ ಕಳುವಾಗಿಲ್ಲ ಎಂದೆ. ಮತ್ತೆ ಬೀಗ ಯಾಕೆ ಎಂದರು. ನ್ಯಾಯವಾದ ಪ್ರಶ್ನೆಯೇ. ಸುಳ್ಳು ಹುಡುಕಿದೆ, ಒಂದೂ ಸಿಗಲಿಲ್ಲ. ಎಷ್ಟು ಸುಸ್ತಾಗಿತ್ತೆಂದರೆ ಸುಳ್ಳು ಕಟ್ಟುವ ಶಕ್ತಿಯೂ ಇರಲಿಲ್ಲ. ಗಂಜಲ, ಪಂಪು, ಸೋಮವಾರ, ಗುರುವಾರ, ಎಲ್ಲ ಹೇಳಿದೆ. ಮೊದಲು ಅವರಿಗೆ ನಗು ಬಂತು. ಆಮೇಲೆ ನಗು ನಿಂತಿತು.

“ಹಾಗಾದರೆ ನಿಮ್ಮ ಪಿಎಚ್‌ಡಿ?”

“ಇಲ್ಲ ಸರ್.”

“ನಿಮ್ಮ ಹೆಸರೂ ಏಪ್ರಿಲ್‌ನಲ್ಲಿ ಪಟ್ಟಿಯಿಂದ ಹೋಗುತ್ತಲ್ಲ ಮೇಡಂ. ಕಮಿಟಿಯವರಿಗೆ ನಾನು ಹೇಳಿದರೂ ಕೇಳಲ್ಲ.”

“ಗೊತ್ತು. ತಾಯಮ್ಮನ ಹೆಸರು ಬಿಡಬೇಡಿ, ಏನೂ ಕಳುವಾಗಿಲ್ಲವೆಂದು ಬರೆದುಕೊಡುತ್ತೇನೆ” ಎಂದೆ. ಅಲ್ಲೇ ಕೂತು ಬರೆದುಕೊಟ್ಟೆ.

ಕಮಲಾಕರ ಸರ್‌ಗೂ ಹೇಳಿದೆ. ಬೈಯಬಹುದೆಂದು ಕಾದಿದ್ದೆ. “ಬೈಂಡಿಂಗಿಗೆ ಕೊಟ್ಟಾಗಿತ್ತಲ್ಲಮ್ಮ” ಎಂದಷ್ಟೇ ಅಂದರು. ಆಮೇಲೆ, “ಹಳ್ಳಿಯಲ್ಲಿ ಹುಟ್ಟಿದ ನಾನೂ ಕೇಳಲಿಲ್ಲ ನೋಡಿ, ಆ ಗಾಳಿ ಯಾವ ಕೋಣೆಯದು ಎಂದು” ಎಂದರು.

ಸಂಜೆ ಅಂಗಡಿಗೆ ಹೋದೆ. ಮಲ್ಲಿಕಾರ್ಜುನ್ ಎಲ್ಲ ಕೇಳಿಸಿಕೊಂಡು ಎರಡು ಚಹಾ ಹೇಳಿದರು. “ಧೂಳು ಅಲ್ಲ ಅಂತ ಆತಲ್ಲ, ಅಷ್ಟು ಸಾಕು” ಎಂದರು. ನನಗೆ ಅಳು ಬಂತು. ಮೂಟೆಗಳ ಹಿಂದೆ ಕುರ್ಚಿ ಹಾಕಿಕೊಟ್ಟರು.

ಡಿಸೆಂಬರ್ 8, ಸೋಮವಾರ

ಬೀಗ ತೆಗೆದು ತಾಯಮ್ಮನವರನ್ನು ಒಳಗೆ ಕರೆದೆ. ಹೊಸ್ತಿಲ ಹೊರಗೇ ನಿಂತರು. ಕೈ ಹಿಡಿದು ಕರೆತಂದು ಸ್ಟೂಲಿನ ಮೇಲೆ ಕೂರಿಸಿದೆ.

ಬಾಯಲ್ಲಿ ಹೇಳಿದರೆ ಬೈದ ಹಾಗಾಗುತ್ತದೆ ಎಂದು ಮಾಡಿ ತೋರಿಸಿದೆ. ಎರಡು ಟ್ಯೂಬಿನಲ್ಲಿ ಬರೀ ನೀರು. ಒಂದಕ್ಕೆ ಅವರ ಬಾಟಲಿಯಿಂದ ಒಂದು ಹನಿ. ಎರಡಕ್ಕೂ ಪರೀಕ್ಷೆಯ ದ್ರಾವಣ. ಕಾದೆವು. ಹನಿ ಹಾಕಿದ್ದು ಶಾಯಿಯ ಹಾಗೆ ಕಡುನೀಲಿಯಾಯಿತು.

“ಬಂತಲ್ರೀ ಮೇಡಂ ನೀಲಿ!” ಎಂದು ಎದ್ದೇ ನಿಂತರು. ಆಮೇಲೆ ಬಾಟಲಿ ನೋಡಿದರು, ನನ್ನನ್ನು ನೋಡಿದರು. “ಅಂದ್ರೆ ನೀವು ಎಂಟು ವರ್ಷದಿಂದ ಮಾಡಾಕೆ ನೋಡ್ತಿರದು, ನಮ್ಮನೆ ಆಕಳು ಗೌರಿ ದಿನಾ ಬೆಳಿಗ್ಗೆ ಮಾಡ್ತಾಳೆ?”

ನಗು ಬಂತು. ಎಷ್ಟೋ ದಿನದ ಮೇಲೆ ಬಂದದ್ದಕ್ಕೆ ನಿಲ್ಲಿಸಲು ಆಗಲಿಲ್ಲ. ತಾಯಮ್ಮ ನಗಲಿಲ್ಲ. ಅವರಿಗೆ ನಿಧಾನವಾಗಿ ಅರ್ಥವಾಗುತ್ತಿತ್ತು.

“ಎಲ್ಲಾ ಸೋಮವಾರದ್ದೂ ನಂದೇನಾ?”

“ಹೌದು.”

“ನಿಮ್ಮದು ಒಂದೂ ಅಲ್ವಾ?”

“ಗೊತ್ತಿಲ್ಲ. ಒಂದೂ ಇರಲಿಕ್ಕಿಲ್ಲ.”

ಸೆರಗು ಬಾಯಿಗೆ ಹಿಡಿದುಕೊಂಡರು. “ನಾನು ಒಳ್ಳೇದಾಗ್ಲಿ ಅಂತ ಮಾಡಿದ್ನಲ್ರೀ.”

“ನನಗೆ ಗೊತ್ತು. ನಾನೇ ಗುರುವಾರ ಒಂದು ಸಲ ದೀಪ ಹಚ್ಚಿದ್ದರೆ ಜುಲೈಯಲ್ಲೇ ತಿಳಿಯುತ್ತಿತ್ತು. ತಪ್ಪು ನಿಮ್ಮದಲ್ಲ” ಎಂದೆ. “ದೀಪ ಆರಿದ್ದನ್ನು ನೀವು ಸರಿಯಾಗಿ ಹೇಳಿದಿರಿ. ನಾನು ನಂಬಲಿಲ್ಲ.”

ಅಕ್ಟೋಬರ್ 27ರ ಖಾಲಿ ಪುಟ ತೆಗೆದು ಬರೆದೆ: ದೀಪ ಐದು ನಿಮಿಷದಲ್ಲಿ ಆರಿತು. ನೋಡಿದವರು ತಾಯಮ್ಮ. ನೀಲಿ ಬಂತು.

ಡಿಸೆಂಬರ್ 15, ಸೋಮವಾರ

ಕೋಣೆ ತೊಳೆದು ಒಂದು ವಾರ ಕಿಟಕಿ ತೆರೆದಿಟ್ಟಿದ್ದೆವು. ಪಂಪಿನ ಹೊಸ ಕೊಳವೆಯನ್ನು ಕಿಟಕಿಯಾಚೆಗೆ ಬಿಟ್ಟು, ನಡುವೆ ಆಮ್ಲದ ಬಾಟಲಿ ಕಟ್ಟಿದೆವು. ಹೊರಗಿನ ಗಾಳಿಯಲ್ಲಿ ಅಮೋನಿಯ ಇದ್ದರೂ ಆಮ್ಲದಲ್ಲೇ ಉಳಿಯುತ್ತದೆ. ಒಂದು ಪಾತ್ರೆ ದೀಪದ ಮುಂದೆ, ಒಂದು ಕಪ್ಪು ಬಟ್ಟೆಯೊಳಗೆ, ಒಂದರಲ್ಲಿ ಪುಡಿಯಿಲ್ಲದ ಬರೀ ನೀರು. ಮೂರೂ ಒಂದೇ ದಿನ, ಒಂದೇ ಹೊತ್ತು. ಮೊದಲ ವರ್ಷವೇ ಹೀಗೆ ಮಾಡಬೇಕಿತ್ತು.

ನಾಲ್ಕೂವರೆಗೆ ಮೂರು ಟ್ಯೂಬು ಸ್ಟ್ಯಾಂಡಿನಲ್ಲಿಟ್ಟೆ. ಒಂದರಲ್ಲಿ ಎಳೆ ನೀಲಿ ಇದ್ದ ಹಾಗೆ ಕಂಡಿತು. ಅದು ದೀಪದ್ದು ಎಂದು ನನಗೆ ಗೊತ್ತಿತ್ತು, ಅದಕ್ಕೇ ನನ್ನ ಕಣ್ಣನ್ನು ನಾನು ನಂಬಲಿಲ್ಲ. ಬಣ್ಣ ಅಳೆಯುವ ಯಂತ್ರ ಕೆಟ್ಟು ಕೂತಿದೆ. ಯಾವುದು ಯಾವುದೆಂದು ಟ್ಯೂಬಿನ ತಳದಲ್ಲಿ ಬರೆದು, ಜಾಗ ಬದಲಾಯಿಸಿ ತಾಯಮ್ಮನವರನ್ನು ಕರೆದೆ.

“ಇವುಗಳಲ್ಲಿ ಯಾವುದಕ್ಕಾದರೂ ಬಣ್ಣ ಇದೆಯಾ ನೋಡಿ. ಇದ್ದರೆ ಇದೆ ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ. ನನ್ನ ಮುಖ ನೋಡಬೇಡಿ.” ಕಿಟಕಿಯ ಕಡೆ ತಿರುಗಿ ನಿಂತೆ.

ಬಹಳ ಹೊತ್ತು ನೋಡಿದರು. ಒಂದೊಂದನ್ನೇ ಎತ್ತಿ ಬಿಳಿ ಕಾಗದದ ಮುಂದೆ ಹಿಡಿಯುವ ಸದ್ದು ಕೇಳುತ್ತಿತ್ತು. ಒಂದು ಸಲ ಉಸಿರು ಬಿಟ್ಟರು.

“ಇಲ್ರೀ ಮೇಡಂ. ಮೂರೂ ನೀರೇ.”

ನಾನು ತಿರುಗಿದೆ. ಅವರ ಕಣ್ಣು ತುಂಬಿತ್ತು.

“ಐತೆ ಅಂತ ಹೇಳಾಕೆ ಬಾಯಿ ತುದಿಗೆ ಬಂದಿತ್ತು ರೀ. ನಿಮ್ಮ ಸಲುವಾಗಿ. ಆದ್ರೆ ಇಲ್ಲ.”

ರೆಕಾರ್ಡ್ ಪುಸ್ತಕದಲ್ಲಿ ‘ಇಲ್ಲ’ ಎಂದು ಬರೆದೆ. ನೋಡಿದವರು ಎಂಬಲ್ಲಿ ತಾಯಮ್ಮ ಸಹಿ ಹಾಕಿದರು. ಒಂದೊಂದು ಅಕ್ಷರಕ್ಕೂ ಪೆನ್ನು ಎತ್ತಿ, ಯೋಚಿಸಿ. ಪುಡಿಯಲ್ಲಿ ಕಬ್ಬಿಣ ಜಾಸ್ತಿಯಾಗಿರಬಹುದು, ಮುಂದಿನ ಸೋಮವಾರ ಅರ್ಧ ಮಾಡಿ ನೋಡೋಣ ಎಂದೆ. “ಹಂಗಾದ್ರೆ ನಾನು ಎಂಟಕ್ಕೇ ಬಂದು ಕಿಟಕಿ ತೆಗಿತೀನಿ, ಬರಿಗೈಲೇ” ಎಂದರು.

ಬಸ್ಸಿನಲ್ಲಿ ಸೀಟು ಸಿಕ್ಕಿತು, ಕೂತ ಕೂಡಲೇ ನಿದ್ದೆ. ಶಿರಾಳಕೊಪ್ಪದಲ್ಲಿ ಕಂಡಕ್ಟರ್ ಎಬ್ಬಿಸಿದ. ಅಂಗಡಿಯಲ್ಲಿ ಚಹಾ ಕುಡಿದು ಇಬ್ಬರೂ ಮನೆಗೆ ಬಂದೆವು.

ಈ ಪುಟಕ್ಕೆ ತಾರೀಖು ಹಾಕುವಾಗಲೇ ನೆನಪಾದದ್ದು, ಪ್ರಬಂಧಕ್ಕೆ ಕೊನೆಯ ದಿನ ಇವತ್ತಾಗಿತ್ತು ಎಂದು.